ಗಾಳಿಪೆಟ್ಟಿಗೆ ಮುಚ್ಚುವ ಮುನ್ನ

ಕಾರಿನ ಮುಂದಿನ ಗಾಜು ಒಡೆಯಬಹುದಿತ್ತು. ಬಾಗಿದ ಗಾಜು ಅದು, ಅದರ ಜೋಡಿ ಇಡೀ ದಕ್ಷಿಣ ಭಾರತದಲ್ಲಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ನೆಲದ ತಗಡು ಕತ್ತರಿಸಿದಾಗ ಕಾರು ನಡು ಮುರಿದು ಕೂರಬಹುದಿತ್ತು. ಕೂರದಿದ್ದರೂ ಒಂದು ದಾರದಷ್ಟು ವಾಲಿಕೊಂಡು, ಇನ್ನೆಂದೂ ಬಾಗಿಲು ಹಾಕಿಕೊಳ್ಳದೆ ಹೋಗಬಹುದಿತ್ತು. ವೆಲ್ಡಿಂಗ್ ಕಿಡಿ ಹಾರಿ ಪೆಟ್ರೋಲ್ ಟ್ಯಾಂಕಿಗೆ ಬೀಳಬಹುದಿತ್ತು. ಟ್ಯಾಂಕನ್ನು ಮೊದಲೇ ಬಿಚ್ಚಿ ಬೇಲಿಯ ಆಚೆ ಇಟ್ಟಿದ್ದೆವು, ಆದರೂ ಕಿಡಿಗೆ ದಾರಿ ಗೊತ್ತಾಗುವುದಿಲ್ಲ ಎಂದು ಹೇಗೆ ಹೇಳುವುದು? ಇಲಿಗಳು ವೈರಿಂಗ್ ತಿನ್ನಬಹುದಿತ್ತು. ಬಣ್ಣ ನೆರಳಿನಲ್ಲಿ ಒಂದು, ಬಿಸಿಲಿನಲ್ಲಿ ಇನ್ನೊಂದು ಆಗಬಹುದಿತ್ತು. ನನ್ನ ಟಿಂಕರ್ ಭಾಯಿ ದುಬೈಗೆ ಹೋಗಿಬಿಡಬಹುದಿತ್ತು, ಹೋಗುತ್ತೇನೆಂದು ನಮ್ಮ ಪರಿಚಯವಾದ ದಿನದಿಂದ ಹೇಳುತ್ತಲೇ ಇದ್ದ. ಕಾರು ಬೆಂಗಳೂರಿಗೆ ಹೊರಡುವ ದಿನ ಕ್ಯಾತ್ಸಂದ್ರದ ಹತ್ತಿರ ಮಳೆ ಹುಯ್ಯಬಹುದಿತ್ತು.

"ಜನವರೀಲಿ ಮಳೆ ಎಲ್ಲಿಂದ ಬರುತ್ತೆ?" ಎಂದು ನನ್ನ ಹೆಂಡತಿ ಕೇಳಿದಳು.

"ಬರಬಾರದು ಅಂತ ಏನಾದ್ರೂ ಬರ್ದಿದೆಯಾ?" ಎಂದೆ. ಅವಳು ಒಳಗೆ ಹೋದಳು. ಇಪ್ಪತ್ತು ವರ್ಷ ಒಟ್ಟಿಗೆ ಬಾಳಿದವರಿಗೆ ಎಲ್ಲಿ ಮಾತು ನಿಲ್ಲಿಸಬೇಕೆಂದು ಗೊತ್ತಿರುತ್ತದೆ.

ನನ್ನ ಕಸುಬು ಬಸ್ಸಿನ ಮೈ ಕಟ್ಟುವುದು. ತುಮಕೂರಿನ ಪಕ್ಕದ ಮರಳೂರಿನ ಹೊರಗೆ ನನ್ನದೊಂದು ಶೆಡ್ಡು. ಖಾಸಗಿ ಬಸ್ಸಿನವರು ಬರೀ ಚಾಸಿ ತಂದು ನಿಲ್ಲಿಸುತ್ತಾರೆ, ನಾವು ಅದರ ಮೇಲೆ ಕಬ್ಬಿಣದ ಪಂಜರ ಕಟ್ಟಿ, ತಗಡು ಹೊದಿಸಿ, ಸೀಟು ಕೂರಿಸಿ, ಕಿಟಕಿಯ ಮೇಲೆ ದೇವರ ಹೆಸರು ಬರೆದು ಕಳಿಸುತ್ತೇವೆ. ಬಸ್ಸಿನ ಕೆಲಸದಲ್ಲಿ ಒಂದು ನೆಮ್ಮದಿಯಿದೆ. ಅಡಿಯಲ್ಲಿ ಡಾಂಬರಿನಂಥ ಕಪ್ಪು ಬಣ್ಣ ದಪ್ಪಗೆ ಬಳಿದುಬಿಟ್ಟರೆ ಯಾರೂ ಬಗ್ಗಿ ನೋಡುವುದಿಲ್ಲ. ಆ ನೆಮ್ಮದಿಯಲ್ಲಿದ್ದವನ ಹತ್ತಿರ, ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಕುಣಿಗಲ್‌ನಿಂದ ಲಾರಿಯ ಮೇಲೆ ಆ ಕಾರು ಬಂತು.

ಅಮೆರಿಕದ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ಮೂತಿಯೊಳಗೆ ಎಂಟು ಸಿಲಿಂಡರಿನ ಇಂಜಿನ್, ಎಡಗಡೆ ಸ್ಟೀರಿಂಗ್. ಕುಣಿಗಲ್ ಕಡೆಯಲ್ಲಿ ರೇಸ್ ಕುದುರೆಗಳನ್ನು ಪಳಗಿಸಲು ಬಂದಿದ್ದ ಒಬ್ಬ ವಿದೇಶಿ, ಊರಿಗೆ ಹಿಂದಿರುಗುವಾಗ ಅದನ್ನು ಕುದುರೆ ಡಾಕ್ಟರಿಗೆ ಬಿಟ್ಟುಹೋಗಿದ್ದನಂತೆ. ಡಾಕ್ಟರು ಈಗ ನಿವೃತ್ತರು. ಹಿಂದೆ ಯಾವುದೋ ಕುದುರೆ ಒದ್ದು ಅವರ ಎಡಮಂಡಿ ಕೆಟ್ಟಿತ್ತು, ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಹಾಗಾಗಿ ಕಾರು ಓಡಿಸುತ್ತಿದ್ದವರು ಅವರ ಹೆಂಡತಿ. ಭಾನುವಾರ ಬಂದರೆ ಇಬ್ಬರೂ ಬುತ್ತಿ ಕಟ್ಟಿಕೊಂಡು ಮಾರ್ಕೋನಹಳ್ಳಿ ಕಟ್ಟೆಯವರೆಗೆ ಹೋಗಿಬರುವುದು ಬಹಳ ವರ್ಷಗಳಿಂದ ನಡೆದುಬಂದಿತ್ತು. ಒಂದು ಭಾನುವಾರ ಮೇಡಂ ಬ್ರೇಕ್ ತುಳಿದಾಗ ಅವರ ಹಿಮ್ಮಡಿ ನೆಲದ ತಗಡನ್ನು ತೂರಿ ಕೆಳಗೆ ಹೋಯಿತಂತೆ. ಆಮೇಲೆ ಕಾರು ನಿಂತೇಹೋಯಿತು.

ಕಾರು ಬರುವ ಮೊದಲೇ ಕೆಲಸ ಒಪ್ಪಿಕೊಳ್ಳಲು ನಾನು ಕುಣಿಗಲ್‌ಗೆ ಅವರ ಮನೆಗೆ ಹೋಗಿದ್ದೆ. ಹಜಾರದಲ್ಲಿ ಡಾಕ್ಟರು ಮಂಡಿಯನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದರು.

"ನೋಡ್ರಿ, ಬೆಂಗಳೂರಲ್ಲಿ ಹಳೇ ಕಾರುಗಳ ಪ್ರದರ್ಶನ ಇದೆ, ಜನವರೀಲಿ. ಫ್ಯಾಕ್ಟ್ರಿಯಿಂದ ಹೆಂಗೆ ಬಂತೋ ಹಂಗೇ ಇರೋ ಕಾರುಗಳಿಗೆ ಅಂತ ಒಂದು ವಿಭಾಗ. ನನ್ನ ಕಾರು ಅದರಲ್ಲಿ ನಿಲ್ಬೇಕು. ಅಡೀಲಿ ಒಂದು ಕೋಟ್ ಜಾಸ್ತಿ ಬಳಿದ್ರೂ ಅಂಕ ಕಟ್. ಕುದುರೆಗೆ ಬಣ್ಣ ಹೊಡ್ದು ರೇಸಿಗೆ ಬಿಡ್ತಾರೇನ್ರಿ?"

"ಬಿಡಲ್ಲ ಸಾರ್."

"ಅಷ್ಟೇ. ಅದ್ರಲ್ಲಿ ಏನಿತ್ತೋ ಅದು. ಇಲ್ಲದ್ದು ಒಂದು ಚೂರೂ ಸೇರಿಸ್ಬಾರ್ದು."

"ಆಯ್ತು ಸಾರ್" ಎಂದೆ.

ಹೊರಡುವಾಗ ಮೇಡಂ ನನ್ನನ್ನು ಹಿತ್ತಲಿಗೆ ಕರೆದರು. "ಅವರು ಹೇಳೋದು ಕೇಳಿಸ್ಕೊಂಡ್ರಲ್ಲ, ಕೇಳಿಸ್ಕೊಳ್ಳಿ. ಆದ್ರೆ ಓಡಿಸೋಳು ನಾನು. ಮಳೆ ಬಂದ್ರೆ ಒಳಗೆ ನೀರು ಸುರಿಯುತ್ತೆ ಕಣ್ರೀ, ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಕೊಂಡು ಓಡಿಸಿದೀನಿ. ಇನ್ನೊಂದು ಸಲ ತುಕ್ಕು ಹಿಡೀಬಾರ್ದು. ಅದು ಕಾರು, ಷೋಕೇಸಿನ ಬೊಂಬೆ ಅಲ್ಲ. ಇನ್ನೂ ಇಪ್ಪತ್ತು ವರ್ಷ ನಾನು ಮಳೇಲಿ ಓಡಿಸ್ಬೇಕು."

ಮೇಡಂಗೆ ಆಗ ಅರವತ್ತರ ಹತ್ತಿರ. ಇಪ್ಪತ್ತು ವರ್ಷ ಎಂದಾಗ ಅವರ ದನಿ ಸ್ವಲ್ಪವೂ ಅಲುಗಲಿಲ್ಲ.

"ಆಯ್ತು ಮೇಡಂ" ಎಂದೆ.

ವಾಪಸು ಬರುವ ಬಸ್ಸು ಹೆಬ್ಬೂರು ದಾಟುವಾಗ ನನಗೆ ನಾನು ಏನು ಮಾಡಿ ಬಂದಿದ್ದೇನೆ ಎಂಬುದು ಹೊಳೆಯಿತು. ಹಜಾರದಲ್ಲಿ ಏನೂ ಸೇರಿಸುವುದಿಲ್ಲ ಎಂದಿದ್ದೆ, ಹಿತ್ತಲಿನಲ್ಲಿ ತುಕ್ಕು ಬರುವುದಿಲ್ಲ ಎಂದಿದ್ದೆ. ಎರಡೂ ಮಾತನ್ನು ಒಂದೇ ತಗಡಿನ ಮೇಲೆ ಉಳಿಸಿಕೊಳ್ಳಬೇಕಿತ್ತು.

ಟಿಂಕರ್ ಭಾಯಿ ಗುಬ್ಬಿಯವನು, ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ. ತಗಡಿನ ಕೆಲಸದಲ್ಲಿ ಗಟ್ಟಿಗ, ಬಾಯಲ್ಲಿ ಇನ್ನೂ ಗಟ್ಟಿಗ. ವಿಷಯ ಕೇಳಿ ಕಾರಿನ ಸುತ್ತ ಒಂದು ಸುತ್ತು ಹಾಕಿದ.

"ಇದ್ರಲ್ಲಿ ಯೋಚ್ನೆ ಏನ್ ಬಂತು ಮೇಸ್ತ್ರಿ? ಅಡೀಗೆ ಬಸ್ ಕಪ್ಪು ಹೊಡೀರಿ. ಪ್ರದರ್ಶನದ ಹಿಂದಿನ್ ದಿನ ಕೆರ್ದು ತೆಗೀರಿ."

"ಕೆರೆದ್ರೆ ಅಡಿಯ ಬಣ್ಣವೂ ಬರುತ್ತಲ್ಲೋ."

"ಹಂಗಾದ್ರೆ ಹೊಡೀಬೇಡಿ."

"ತುಕ್ಕು ಬರುತ್ತಲ್ಲ."

"ನಿಮ್ಗೆ ಭಯ ಕಮ್ಮಿಯಾದ್ರೆ ಅದಕ್ಕೂ ಒಂದ್ ಭಯ ಬೀಳ್ತೀರ" ಎಂದು ಬೀಡಿ ಹಚ್ಚಿದ. ಪೆಟ್ರೋಲ್ ಟ್ಯಾಂಕ್ ಬೇಲಿಯಾಚೆಗೆ ಹೋದದ್ದು ಆಗಲೇ.

ಮೊದಲು ಇಂಜಿನ್ ಇಳಿಸಿದೆವು. ಅದನ್ನು ನೋಡಿಕೊಳ್ಳಲು ಬೇರೆ ಮೆಕ್ಯಾನಿಕ್ ಇದ್ದುದರಿಂದ ನನ್ನ ಚಿಂತೆಯ ಪಾಲು ಅಷ್ಟು ಕಡಿಮೆಯಾಯಿತು. ಸೀಟು, ಕಾರ್ಪೆಟ್, ಡ್ಯಾಶ್‌ಬೋರ್ಡು ಬಿಚ್ಚಿದೆವು. ಗಾಜನ್ನು ತೆಗೆಯುವಾಗ ರಬ್ಬರಿನ ಒಳಗೆ ಹಗ್ಗ ಹಾಕಿ, ಇಬ್ಬರು ಹೊರಗೆ ಒಬ್ಬ ಒಳಗೆ ನಿಂತು, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಎತ್ತಿದೆವು. ಅದನ್ನು ನಮ್ಮ ಮನೆಯ ಮಲಗುವ ಕೋಣೆಯಲ್ಲಿ ಎರಡು ಹಾಸಿಗೆಗಳ ನಡುವೆ ಇಟ್ಟೆ. ಹೆಂಡತಿ ಚಾಪೆ ತೆಗೆದುಕೊಂಡು ಹಜಾರಕ್ಕೆ ಹೋದಳು.

ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಆಮೇಲೆ ಸರಿಯಾಗಿ ತಿಳಿಯಿತು. ಬಸ್ಸಿಗೆ ಚಾಸಿ ಎಂಬ ಬೆನ್ನೆಲುಬು ಇರುತ್ತದೆ, ಮೈಯನ್ನು ಎಷ್ಟು ಕತ್ತರಿಸಿದರೂ ಅದು ನಿಲ್ಲುತ್ತದೆ. ಈ ಕಾರಿಗೆ ಬೇರೆ ಚಾಸಿಯೇ ಇಲ್ಲ. ನೆಲ, ಬಾಗಿಲಿನ ಕೆಳಗಿನ ತೊಲೆ, ಮುಂದಿನ ಗೋಡೆ, ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಕಾರನ್ನು ಹಿಡಿದಿವೆ. ನೆಲ ತೆಗೆದರೆ ಕಾರೇ ಮಡಚಿಕೊಳ್ಳುತ್ತದೆ. ಆದ್ದರಿಂದ ಕತ್ತರಿ ಹಾಕುವ ಮೊದಲು ಎರಡೂ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ, ಮೂಲೆಯಿಂದ ಮೂಲೆಗೆ ಕಬ್ಬಿಣದ ಕೋನಪಟ್ಟಿ ವೆಲ್ಡ್ ಮಾಡಿ ಬಿಗಿದೆವು. ದಿನಾ ಬೆಳಿಗ್ಗೆ ನಾನು ಟೇಪ್ ಹಿಡಿದು ಅಳೆಯುತ್ತಿದ್ದೆ. ಒಂದು ದಿನ ಎರಡು ಮಿಲಿಮೀಟರ್ ವ್ಯತ್ಯಾಸ ಬಂತು, ಶೆಡ್ಡಿನ ಕೆಲಸವನ್ನೆಲ್ಲ ನಿಲ್ಲಿಸಿಬಿಟ್ಟೆ. ಭಾಯಿ ಬಂದು ಟೇಪಿನ ತುದಿಯ ಕೊಕ್ಕೆ ಸೊಟ್ಟಗಾಗಿರುವುದನ್ನು ತೋರಿಸಿದ.

ಅರ್ಧರ್ಧವಾಗಿ ನೆಲ ಕತ್ತರಿಸಿ, ಹೊಸ ತಗಡನ್ನು ಹಳೆಯದರ ಅಚ್ಚಿನಂತೆಯೇ ಬಡಿದು, ಹಳೆಯದರಲ್ಲಿದ್ದಷ್ಟೇ ಚುಕ್ಕೆ ವೆಲ್ಡುಗಳನ್ನು ಅಲ್ಲಲ್ಲೇ ಹಾಕಿದೆವು. ನೆಲ ಏನೋ ಬಂತು. ಆದರೆ ನೆಲಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂಬುದು ಇನ್ನೂ ಗೊತ್ತಿರಲಿಲ್ಲ. ಒಂದು ಕೊಡ ನೀರು ತಂದು ಗಾಜಿನ ಜಾಗದ ಮುಂದೆ, ಬಾನೆಟ್ಟಿನ ಹಿಂದೆ ಸುರಿದೆವು. ಅಲ್ಲಿ ಉದ್ದುದ್ದ ಸೀಳುಗಳಿವೆ. ಹೊರಗಿನ ಗಾಳಿ ಆ ಸೀಳುಗಳ ಮೂಲಕ ಒಂದು ತಗಡಿನ ಪೆಟ್ಟಿಗೆಯೊಳಗೆ ಇಳಿದು, ಅಲ್ಲಿಂದ ಒಳಗೆ ಕೂತವರ ಕಾಲಿನ ಹತ್ತಿರ ಬರುತ್ತದೆ. ಗಾಳಿಯ ಜೊತೆ ನುಗ್ಗುವ ಮಳೆನೀರು ಪೆಟ್ಟಿಗೆಯ ಎರಡು ತುದಿಯ ತೂತುಗಳಿಂದ ಹೊರಗೆ ಹರಿದುಹೋಗಬೇಕು. ನಾವು ಸುರಿದ ನೀರು ಹರಿದುಹೋಗಲಿಲ್ಲ. ನೇರವಾಗಿ ನಮ್ಮ ಹೊಸ ನೆಲದ ಮೇಲೆ ಬಿತ್ತು. ಸ್ವಲ್ಪ ಹಳದಿಯಾಗಿತ್ತು.

ಆ ಗಾಳಿಪೆಟ್ಟಿಗೆಗೆ ಮುಚ್ಚಳ ಬಿಚ್ಚುವ ಸ್ಕ್ರೂ ಇಲ್ಲ. ಫ್ಯಾಕ್ಟರಿಯಲ್ಲಿ ಒಂದು ಸಲ ವೆಲ್ಡ್ ಮಾಡಿ ಮುಚ್ಚಿದರೆ ಕಾರು ಇರುವವರೆಗೂ ಮುಚ್ಚಿದ್ದೇ. ಒಂದೊಂದೇ ಚುಕ್ಕೆ ವೆಲ್ಡನ್ನು ಡ್ರಿಲ್ಲಿನಿಂದ ಕೊರೆದು, ತೆಳ್ಳನೆಯ ಉಳಿ ತೂರಿಸಿ, ಭಾಯಿ ಮುಚ್ಚಳ ಎತ್ತಿದ. ಎತ್ತಿದವನೇ, "ಯಾ ಅಲ್ಲಾ! ಇಲ್ಲೇನು ಗೊಬ್ಬರದ ಗುಂಡಿ ಇಟ್ಟವ್ರಾ?" ಎಂದ.

ಪೆಟ್ಟಿಗೆಯ ತುಂಬ ಕಪ್ಪು ಮಣ್ಣು. ಮಣ್ಣಲ್ಲ, ಹೂವು. ಮೇಲಿನ ಪದರದಲ್ಲಿ ಇನ್ನೂ ಸೇವಂತಿಗೆಯ ಎಸಳುಗಳೆಂದು ಗುರುತು ಸಿಗುತ್ತಿತ್ತು. ಕೆಳಗೆ ಹೋದಂತೆ ಅಕ್ಷತೆ, ಅರಿಶಿನ, ಕುಂಕುಮ, ತೆಂಗಿನಕಾಯಿಯ ಚೂರು. ನನಗೆ ಕೂಡಲೇ ಅರ್ಥವಾಯಿತು. ಪ್ರತಿ ಆಯುಧಪೂಜೆಗೂ ಕಾರು ತೊಳೆದು, ಬಾನೆಟ್ಟಿನ ಮೇಲೆ ಸೇವಂತಿಗೆ ಮಾಲೆ ಹಾಕಿ, ಅಕ್ಷತೆ ಚೆಲ್ಲಿ, ಕಾಯಿ ಒಡೆದ ನೀರು ಪ್ರೋಕ್ಷಿಸಿದ್ದಾರೆ. ಮಾಲೆ ನಿಲ್ಲಲು ಅನುಕೂಲವಾದ ಜಾಗ ಆ ಸೀಳುಗಳೇ. ನಾವು ಬಸ್ಸಿಗೂ ಹಾಗೇ ಮಾಡುತ್ತೇವೆ, ಆದರೆ ಬಸ್ಸಿಗೆ ಅಲ್ಲಿ ಬಾಯಿ ಇರುವುದಿಲ್ಲ. ಇದಕ್ಕೆ ಬಾಯಿ ಇತ್ತು, ಹಾಕಿದ್ದನ್ನೆಲ್ಲ ನುಂಗಿತ್ತು. ನೀರು ಹೋಗುವ ತೂತು ಕಟ್ಟಿ, ವರ್ಷವಿಡೀ ಒದ್ದೆ ನಿಂತು, ತಗಡು ಹಪ್ಪಳವಾಗಿತ್ತು.

ಇನ್ನೊಂದನ್ನೂ ನೋಡಿದೆ. ಪೆಟ್ಟಿಗೆಯ ಒಳಮೈಗೆ ಫ್ಯಾಕ್ಟರಿಯವರು ಬಣ್ಣವನ್ನೇ ಹಾಕಿರಲಿಲ್ಲ. ಸೀಳುಗಳ ನೇರ ಕೆಳಗೆ, ಮೇಲಿನಿಂದ ಸಿಂಪಡಿಸಿದ ಬಣ್ಣ ಅಕಸ್ಮಾತ್ ಇಳಿದ ಕಡೆ ಮಾತ್ರ, ಗೆರೆ ಗೆರೆಯಾಗಿ ತಗಡು ಗಟ್ಟಿಯಾಗಿತ್ತು. ಉಳಿದದ್ದೆಲ್ಲ ಬರೀ ಕಬ್ಬಿಣ.

ಕುಣಿಗಲ್‌ಗೆ ಫೋನ್ ಮಾಡಿದೆ. ಬಾಡಿಗೆ ಕಾರಿನಲ್ಲಿ ಇಬ್ಬರೂ ಬಂದರು. ಗೊಬ್ಬರವನ್ನು ಒಂದು ಬಾಂಡ್ಲಿಯಲ್ಲಿ ಹಾಕಿ ಇಟ್ಟಿದ್ದೆ. ಮೇಡಂ ಅದನ್ನು ಬೆರಳಿನಿಂದ ಕೆದಕಿದರು.

"ಅಂದ್ರೆ ಕಾರನ್ನ ತಿಂದಿದ್ದು ನಾನೇ ಅನ್ನಿ."

ಡಾಕ್ಟರು ನಕ್ಕರು. ಎಷ್ಟು ನಕ್ಕರೆಂದರೆ ಗೋಡೆ ಹಿಡಿದುಕೊಂಡರು. "ಇಷ್ಟು ವರ್ಷ ಫ್ಯಾಕ್ಟ್ರೀನ ಬಯ್ದೆ ಕಣೇ ನೀನು!"

"ಸಾರ್, ಫ್ಯಾಕ್ಟ್ರೀನೂ ಬಿಡೋ ಹಂಗಿಲ್ಲ" ಎಂದು ನಾನು ಬರಿಯ ತಗಡು ತೋರಿಸಿದೆ. "ಇಲ್ಲಿ ಬಣ್ಣಾನೇ ಇಲ್ಲ. ಈ ಸಲ ಇದ್ರೊಳಗೆ ಜಿಂಕ್ ಪ್ರೈಮರ್ ಹೊಡೀಬೇಕು, ಆಮೇಲೆ ಮುಚ್ಚಬೇಕು. ಮುಚ್ಚಿದ್ಮೇಲೆ ಯಾರಿಗೂ ಕಾಣಲ್ಲ."

ಡಾಕ್ಟರ ನಗು ನಿಂತಿತು. "ಫ್ಯಾಕ್ಟ್ರೀಲಿ ಹೊಡ್ದಿದ್ರಾ?"

"ಇಲ್ಲ."

"ಹಂಗಾದ್ರೆ ಬೇಡ. ಕಾಣದಿದ್ರೆ ಏನು? ನನಗೆ ಗೊತ್ತಿರುತ್ತಲ್ಲ. ಯಾರೂ ನೋಡಲ್ಲ ಅಂತ ಕುದುರೆ ವಯಸ್ಸು ಕಮ್ಮಿ ಬರೆಯೋರನ್ನ ನಾನು ಜೀವಮಾನ ಎಲ್ಲ ಬಯ್ದಿದೀನಿ. ಹೆಂಗಿತ್ತೋ ಹಂಗೆ ಮುಚ್ಚಿ."

"ಹೆಂಗಿತ್ತೋ ಹಂಗೆ ಮುಚ್ಚಿದ್ರೆ ಹೆಂಗಾಯ್ತೋ ಹಂಗೇ ಆಗುತ್ತೆ" ಎಂದರು ಮೇಡಂ. "ಆಮೇಲೆ ನೀವೇ ಕೂತ್ಕೊಂಡು ಓಡ್ಸಿ."

"ನೀನು ಹೂವು ಹಾಕೋದು ನಿಲ್ಸು."

"ಹೂವು ನಿಲ್ಸಲ್ಲ."

ಇಬ್ಬರೂ ನನ್ನ ಕಡೆ ತಿರುಗಿದರು. ಡಾಕ್ಟರು ಕೇಳಿದರು: "ಏನ್ರಿ, ನೀವು ಏನೂ ಸೇರಿಸಲ್ಲ ಅಂದಿದ್ರಲ್ಲ?" ಮೇಡಂ ಕೇಳಿದರು: "ತುಕ್ಕು ಬರಲ್ಲ ಅಂದಿದ್ರಲ್ಲ?" ಭಾಯಿ ಬೀಡಿ ಸೇದಲು ಹೊರಗೆ ಹೋಗಿಬಿಟ್ಟ. ನಾನು ಬಾಂಡ್ಲಿಯನ್ನು ಎತ್ತಿ ಪಕ್ಕಕ್ಕಿಟ್ಟೆ.

ಅವರು ಹೋದ ಮೇಲೆ ಮಾಡಬಹುದಾದ ಸುಲಭದ ಕೆಲಸ ಒಂದಿತ್ತು. ಸದ್ದಿಲ್ಲದೆ ಒಳಗೆ ಪ್ರೈಮರ್ ಹೊಡೆದು ಮುಚ್ಚಿಬಿಡುವುದು. ಭಾಯಿ ಅದನ್ನೇ ಹೇಳಿದ. ನನ್ನ ಇಷ್ಟು ವರ್ಷದ ಅಭ್ಯಾಸವೂ ಅದೇ. ಆದರೆ ನನಗೆ ಭಯವಾಯಿತು. ಮೇಡಂದಲ್ಲ, ತುಕ್ಕಿನದಲ್ಲ, ಈ ಭಯ ಬೇರೆ. ಆ ಮನುಷ್ಯ ಮುಂದೊಂದು ದಿನ ಬೆಂಗಳೂರಿನಲ್ಲಿ ಕಾರಿನ ಪಕ್ಕ ನಿಂತು, ಒಳಗೆ ಏನೂ ಇಲ್ಲ ಎಂದು ನಂಬಿಕೊಂಡು, ಎದೆ ಸೆಟೆಸಿ ಮಾತಾಡುವುದು ಕಣ್ಣಿಗೆ ಕಟ್ಟಿತು. ಅದನ್ನು ನೋಡುತ್ತ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ.

ಅದಕ್ಕೆ ತೀರ್ಮಾನ ಮಾಡಿದೆ. ಡಾಕ್ಟರು ಒಪ್ಪುವವರೆಗೆ ಆ ಪೆಟ್ಟಿಗೆ ಮುಚ್ಚುವುದಿಲ್ಲ. ಬರೀ ತಗಡಿನ ಮೇಲೂ ಮುಚ್ಚುವುದಿಲ್ಲ, ಕದ್ದು ಬಣ್ಣ ಹೊಡೆದೂ ಮುಚ್ಚುವುದಿಲ್ಲ. ಉಳಿದ ಕೆಲಸ ಮುಂದುವರಿಸುತ್ತೇನೆ, ಅದು ತೆರೆದೇ ಇರುತ್ತದೆ. ಫೋನಿನಲ್ಲಿ ಡಾಕ್ಟರಿಗೆ ಇದನ್ನೇ ಹೇಳಿದೆ.

"ಮುಚ್ಚಲ್ಲ ಅಂದ್ರೆ? ಲಾರಿ ಕಳಿಸ್ತೀನಿ, ಬೆಂಗಳೂರಲ್ಲಿ ಮುಚ್ಚಿಸ್ತೀನಿ" ಎಂದರು ಡಾಕ್ಟರು.

"ಕಳಿಸಿ ಸಾರ್. ತಾರ್ಪಾಲ್ ಹೊದಿಸಿ ಕೊಡ್ತೀನಿ. ಆದ್ರೆ ನಾನು ಮುಚ್ಚಲ್ಲ."

ಫೋನ್ ಕಟ್ಟಾಯಿತು. ಲಾರಿ ಬರಲಿಲ್ಲ. ಕುಣಿಗಲ್ ಕಡೆಯಿಂದ ಬರುವ ಪ್ರತಿ ಲಾರಿಯ ಸದ್ದಿಗೂ ನಾನು ಎದ್ದು ರಸ್ತೆಗೆ ಹೋಗುತ್ತಿದ್ದೆ.

ಆದರೆ ಹಟ ಮಾಡಿದರೆ ಸಾಲದು, ತೋರಿಸಲು ಏನಾದರೂ ಬೇಕು. ಕತ್ತರಿಸಿ ತೆಗೆದ ಹಳೆಯ ನೆಲದ ತಗಡಿನಲ್ಲಿ ಗಟ್ಟಿಯಿದ್ದ ಭಾಗದಿಂದ ನಾಲ್ಕು ಹಲಗೆ ಮಾಡಿದೆ. ಮೂರರ ಹಳೆಯ ಬಣ್ಣ ಕೆರೆದು, ಅದರಲ್ಲಿ ಒಂದನ್ನು ಬರಿದಾಗಿ ಬಿಟ್ಟೆ. ಒಂದಕ್ಕೆ ನನ್ನ ನಂಬಿಕೆಯ ಬಸ್ ಕಪ್ಪು. ಒಂದಕ್ಕೆ ಜಿಂಕ್ ಪ್ರೈಮರ್. ಕೊನೆಯದಕ್ಕೆ, ಫ್ಯಾಕ್ಟರಿಯ ಬಣ್ಣದ ಮೇಲೆಯೇ, ಮೇಣ, ಟರ್ಪೆಂಟೈನ್, ಗೇರ್ ಎಣ್ಣೆ ಸೇರಿಸಿ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿದ ತೆಳು ಲೇಪ. ಅದರ ಅಡಿಯ ಬಣ್ಣ ಹಾಗೇ ಕಾಣುತ್ತದೆ, ಸೀಮೆಎಣ್ಣೆಯಲ್ಲಿ ಒರೆಸಿದರೆ ಪೂರ್ತಿ ಬಿಟ್ಟುಬರುತ್ತದೆ. ನಾಲ್ಕನ್ನೂ ನಾನೇ ಮೈ ಕಟ್ಟಿದ ಒಂದು ಬಸ್ಸಿನ ಅಡಿಗೆ, ಹಿಂದಿನ ಚಕ್ರದ ಪಕ್ಕ ಬೋಲ್ಟ್ ಹಾಕಿ ಕಟ್ಟಿದೆ. ಆ ಬಸ್ಸು ಗುಬ್ಬಿಯಿಂದ ತುಮಕೂರಿನ ಮೇಲೆ ಕುಣಿಗಲ್‌ಗೆ ಓಡಾಡುತ್ತಿತ್ತು. ಮಳೆಗಾಲ ಪೂರ್ತಿ ಕೆಸರು, ಸಗಣಿ, ಜಲ್ಲಿ ಎಲ್ಲ ತಿನ್ನಲಿ ಎಂದು ಬಿಟ್ಟೆ.

ಬಸ್ಸಿನ ಡ್ರೈವರ್ ಎದುರು ಸಿಕ್ಕಾಗಲೆಲ್ಲ, "ಏನ್ ಸಾ, ನಿಮ್ ದೋಸೆ ಬೆಂದವೇ?" ಎಂದು ಕೂಗುತ್ತಿದ್ದ.

ಮಳೆ ಮುಗಿದ ಮೇಲೆ ಬಿಚ್ಚಿದೆವು. ಬರೀ ತಗಡು ಕೆಂಪಗೆ ಸುಲಿದಿತ್ತು, ಅದು ಗೊತ್ತಿದ್ದದ್ದೇ. ಬಸ್ ಕಪ್ಪು ಬಳಿದದ್ದು ಹೊಸದರ ಹಾಗೆ ಹೊಳೆಯುತ್ತಿತ್ತು. ನಾನು ಹೆಮ್ಮೆಯಿಂದ ಅದನ್ನು ಭಾಯಿಗೆ ತೋರಿಸಿದೆ. ಅವನು ಒಂದು ಮೂಲೆಗೆ ಸ್ಕ್ರೂಡ್ರೈವರ್ ಹಾಕಿ ಎತ್ತಿದ. ಕಪ್ಪು ಇಡಿಯಾಗಿ ಎದ್ದು ಬಂತು. ಅಡಿಯಲ್ಲಿ ನೀರು ಸೇರಿಕೊಂಡು ತಗಡು ಬರೀ ತಗಡಿಗಿಂತ ಹೆಚ್ಚು ಕೊಳೆತಿತ್ತು. ಎಲ್ಲೋ ಒಂದು ಜಲ್ಲಿ ತಾಗಿ ಕೂದಲೆಳೆಯ ಬಿರುಕು ಬಿಟ್ಟಿದ್ದೇ ಸಾಕಾಗಿತ್ತು, ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿರಲಿಲ್ಲ.

ಭಾಯಿ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

"ಎಷ್ಟು ಬಸ್ಸಿಗೆ ಹೊಡ್ದಿದೀವಿ ಇದ್ನ?" ಎಂದ ಭಾಯಿ.

"ಕೇಳಬೇಡ."

ಜಿಂಕ್ ಹಚ್ಚಿದ್ದು ಅಂಚಿನಲ್ಲಿ ಮಾತ್ರ ಮಾಸಿತ್ತು. ಮೇಣದ್ದು ನೋಡಲು ಅಸಹ್ಯ, ಧೂಳು ಮೆತ್ತಿ ನಾಯಿಯ ಬೆನ್ನಿನಂತಾಗಿತ್ತು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆ. ಅಡಿಯಲ್ಲಿ ಫ್ಯಾಕ್ಟರಿಯ ಇಟ್ಟಿಗೆ ಬಣ್ಣದ ಪ್ರೈಮರ್, ಅದರ ಮೇಲೆ ಅಂಚಿನಲ್ಲಿ ಸಿಡಿದಿದ್ದ ಕಾರಿನ ಹಸಿರು ಬಣ್ಣದ ತುಂತುರು, ಎರಡೂ ಹಾಗೇ ಇದ್ದವು.

ನಾಲ್ಕನ್ನೂ ಗೋಣಿಯಲ್ಲಿ ಸುತ್ತಿಕೊಂಡು ಅದೇ ಬಸ್ಸಿನಲ್ಲಿ ಕುಣಿಗಲ್‌ಗೆ ಹೋದೆ. ದಾರಿಯುದ್ದಕ್ಕೂ ಭಾಷಣ ಸಿದ್ಧಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ. ಡಾಕ್ಟರು ಕಪ್ಪಿನ ಹಲಗೆಯನ್ನು ಎತ್ತಿ, ಎದ್ದುಬಂದ ಪದರವನ್ನು ಹಿಂದೆ ಮುಂದೆ ಮಡಚಿ, ಮೂಸಿ ನೋಡಿದರು.

"ಗೊರಸು" ಎಂದರು.

"ಸಾರ್?"

"ಕುದುರೆ ಗೊರಸು ಕಣ್ರೀ. ಒದ್ದೆ ಇರೋವಾಗ ಮೇಲೆ ಟಾರು ಬಳಿದ್ರೆ ನೋಡೋಕೆ ಚೆನ್ನಾಗಿರುತ್ತೆ. ಒಳಗೇ ಕೊಳೀತಾ ಇರುತ್ತೆ. ಕುದುರೆ ಕುಂಟಿದ ಮೇಲೆ ಗೊತ್ತಾಗೋದು. ಎಷ್ಟು ಜನಕ್ಕೆ ಹೇಳಿದೀನಿ, ಮೊದಲು ಒಣಗಿಸ್ರಪ್ಪ, ಆಮೇಲೆ ಏನಾದ್ರೂ ಹಚ್ಚಿ ಅಂತ." ಹಲಗೆಯನ್ನು ಕೆಳಗಿಟ್ಟರು. ಬರೀ ತಗಡಿನದನ್ನು ಎತ್ತಿಕೊಂಡರು. ಅದನ್ನು ಬಹಳ ಹೊತ್ತು ನೋಡಿದರು. "ಬರೀ ಗೊರಸಿನಲ್ಲಿ ಕೆಸರಿಗೆ ಬಿಡಿ ಅಂತಾನೂ ನಾನು ಯಾರಿಗೂ ಹೇಳಿಲ್ಲ."

ಅಡುಗೆಮನೆಯ ಬಾಗಿಲಿನಲ್ಲಿ ಮೇಡಂ ನಿಂತಿದ್ದರು. ಕೈಯಲ್ಲಿದ್ದ ಸೌಟನ್ನು ಸೆರಗಿನಿಂದ ಒರೆಸುತ್ತಲೇ ಇದ್ದರು.

"ಪೆಟ್ಟಿಗೆ ಒಳಗೆ ಜಿಂಕ್ ಹೊಡೀರಿ" ಎಂದರು ಡಾಕ್ಟರು. "ಒಣಗಿಸಿ ಹೊಡೀರಿ. ಮುಚ್ಚಿದ ಜಾಗಕ್ಕೆಲ್ಲ ಆ ಮೇಣಾನೂ ಹೋಗ್ಲಿ. ಕಾಣೋ ಜಾಗಕ್ಕೆ ತೆಗೆಯೋಕೆ ಆಗೋದು ಬಿಟ್ಟು ಇನ್ನೇನೂ ಬೇಡ. ಯಾರಾದ್ರೂ ಕೇಳಿದ್ರೆ ಇದೆ ಅಂತಲೇ ಹೇಳ್ತೀನಿ. ಮುಚ್ಚಿಡಲ್ಲ."

"ಹೂವು?" ಎಂದರು ಮೇಡಂ.

ಸೀಳುಗಳ ಮೇಲೆ ಕೂರುವ ಹಾಗೆ ಸ್ಟೀಲಿನ ಸಣ್ಣ ಜಾಲರಿ ಮಾಡಿಕೊಡುತ್ತೇನೆ, ಕ್ಲಿಪ್ಪಿನಲ್ಲಿ ನಿಲ್ಲುತ್ತದೆ, ಪ್ರದರ್ಶನಕ್ಕೆ ಹೋಗುವಾಗ ತೆಗೆಯಬಹುದು ಎಂದೆ. ಇಬ್ಬರೂ ಒಟ್ಟಿಗೆ ಆಯ್ತು ಎಂದರು. ಆ ಮನೆಯಲ್ಲಿ ನಾನು ಕೇಳಿದ ಮೊದಲ ಜೋಡಿ ‘ಆಯ್ತು’ ಅದು.

ಆಮೇಲಿನದು ಬರೀ ದುಡಿಮೆ. ಪೆಟ್ಟಿಗೆಯ ಕೊಳೆತ ತಳ ಕತ್ತರಿಸಿ, ಗಾಳಿ ಇಳಿಯುವ ತೂತುಗಳ ಸುತ್ತ ಹೊಸ ತಗಡಿನ ಕಾಲರ್ ಬಡಿದು ಕೂರಿಸಿದೆವು. ತುಕ್ಕು ಕೊಲ್ಲುವ ಆಸಿಡ್ ಹಚ್ಚಿ, ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಒಣಗಿತೇ ಎಂದು ನಾನು ಕೆನ್ನೆ ಇಟ್ಟು ನೋಡಿ, ಭಾಯಿಯಿಂದ ಬಯ್ಯಿಸಿಕೊಂಡು, ಮತ್ತೆ ಒಣಗಿಸಿದೆ. ಜಿಂಕ್ ಹೊಡೆದೆವು. ನೀರು ಸುರಿದು ನೋಡಿದೆವು. ಎರಡೂ ತುದಿಯಿಂದ ನಲ್ಲಿ ಬಿಟ್ಟಂತೆ ಹೊರಗೆ ಹರಿಯಿತು. ಕಾರಿನ ಒಳಗೆ ಹಾಸಿದ್ದ ಪೇಪರ್ ಒದ್ದೆಯಾಗಲಿಲ್ಲ. ಆಮೇಲೆ ಭಾಯಿ ಮುಚ್ಚಳ ಕೂರಿಸಿ, ಹಳೆಯ ಚುಕ್ಕೆಗಳ ಜಾಗದಲ್ಲೇ ವೆಲ್ಡ್ ಮಾಡಿ ಮುಚ್ಚಿದ.

ಮೇಣದಲ್ಲಿ ಒಂದು ಪೆಟ್ಟು ತಿಂದೆ. ಸ್ಪ್ರೇ ಗನ್ನಿಗೆ ಸೈಕಲ್ ಬ್ರೇಕಿನ ವೈರಿನ ಹೊರಕವಚ ಸಿಕ್ಕಿಸಿ, ಕಾರಿನಲ್ಲಿ ಮೊದಲೇ ಇದ್ದ ತೂತುಗಳಿಂದ ಒಳಗೆ ಬಿಟ್ಟು ಹೊಡೆಯುವುದು ಯೋಜನೆ. ಹೊಸ ತೂತು ಕೊರೆಯುವ ಹಾಗಿರಲಿಲ್ಲ. ಉದಾರವಾಗಿ, ದಪ್ಪಗೆ ಹೊಡೆದೆ. ಮರುದಿನ ನೀರು ಸುರಿದರೆ ಹರಿಯಲಿಲ್ಲ. ಹೂವು ಮಾಡಿದ ಕೆಲಸವನ್ನು ನಾನು ಒಂದೇ ದಿನದಲ್ಲಿ ಮಾಡಿ ಮುಗಿಸಿದ್ದೆ. ಬಿಸಿಗಾಳಿ ಬಿಟ್ಟು, ಸೀಮೆಎಣ್ಣೆ ಹಾಯಿಸಿ ತೂತು ಬಿಡಿಸಿದೆವು. ಎರಡನೆಯ ಸಲ ಕಟ್ಟಿಕೊಳ್ಳದಿರಲಿ ಎಂದು ಮೇಣ ಕಡಿಮೆ ಮಾಡಿ, ಎಣ್ಣೆ ಜಾಸ್ತಿ ಹಾಕಿ, ಭಯಕ್ಕೆ ಇನ್ನೂ ಸ್ವಲ್ಪ ಹಾಕಿ, ನೀರಿನಷ್ಟು ತೆಳ್ಳಗೆ ಹೊಡೆದೆ.

ಗಾಜು ಹಾಸಿಗೆಗಳ ನಡುವಿನಿಂದ ಎದ್ದು ತನ್ನ ಜಾಗಕ್ಕೆ ಬಂದು ಕೂತಿತು. ಬಾಗಿಲುಗಳು ಬೆರಳ ತುದಿಯಲ್ಲಿ ತಳ್ಳಿದರೆ ಕ್ಲಿಕ್ಕೆಂದು ಹಾಕಿಕೊಂಡವು. ಬಣ್ಣ ಬಿಸಿಲಿನಲ್ಲೂ ನೆರಳಿನಲ್ಲೂ ಒಂದೇ ಹಸಿರು. ಭಾಯಿ ದುಬೈಗೆ ಹೋಗಲಿಲ್ಲ. ಪ್ರದರ್ಶನಕ್ಕೆ ಮೊದಲು ಅಡಿಯ ಮೇಣವನ್ನು ಸೀಮೆಎಣ್ಣೆಯ ಬಟ್ಟೆಗಳಿಂದ ಒರೆಸಿ ತೆಗೆದೆವು. ಹೊಸ ನೆಲಕ್ಕೆ ಫ್ಯಾಕ್ಟರಿಯಂತೆಯೇ ಹೊಡೆದಿದ್ದ ಇಟ್ಟಿಗೆ ಬಣ್ಣದ ಪ್ರೈಮರ್, ಅಂಚಿನ ಹಸಿರು ತುಂತುರು, ಎಲ್ಲ ಹಲ್ಲುಜ್ಜಿದ ಹಾಗೆ ಕಂಡವು. ಮೇಡಂ ಕುಣಿಗಲ್‌ನಿಂದ ಬಂದು ಸ್ಟೀರಿಂಗ್ ಹಿಡಿದರು. ಡಾಕ್ಟರು ಪಕ್ಕದಲ್ಲಿ ಕೂತರು, ನಾನು ಮತ್ತು ಭಾಯಿ ಹಿಂದೆ ಮಂಡಿಗಳನ್ನು ಗದ್ದಕ್ಕೆ ಆನಿಸಿಕೊಂಡು ಕೂತೆವು. ಕ್ಯಾತ್ಸಂದ್ರ ದಾಟಿತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅದೂ ಒಳ್ಳೆಯ ಲಕ್ಷಣವಲ್ಲ ಎಂದು ನನಗನ್ನಿಸಿತು.

ಬೆಂಗಳೂರಿನಲ್ಲಿ ಕಾರುಗಳು ಮಧ್ಯಾಹ್ನದವರೆಗೆ ಮೈದಾನದ ಬಿಸಿಲಿನಲ್ಲಿ ನಿಂತವು. ತೀರ್ಪುಗಾರರೊಬ್ಬರು ಬಂದರು. ಬಿಳಿ ಪ್ಯಾಂಟು, ಬಿಳಿ ಶೂ, ಕೈಯಲ್ಲಿ ಪುಟ್ಟ ಕನ್ನಡಿ ಕಟ್ಟಿದ ಕೋಲು. ಕೋಲನ್ನು ಕಾರಿನ ಅಡಿಗೆ ತೂರಿಸಿ ಉದ್ದಕ್ಕೂ ನೋಡಿದರು. ತಲೆಯಾಡಿಸಿದರು. ಚಕ್ರದ ಗೂಡು, ಡಿಕ್ಕಿಯ ಒಳಗು, ಬಾಗಿಲಿನ ಅಂಚು. ಮತ್ತೆ ತಲೆಯಾಡಿಸಿದರು. ನಾನು ಉಸಿರಾಡುತ್ತಿಲ್ಲವೆಂದು ಭಾಯಿ ಬೆನ್ನಿಗೆ ಗುದ್ದಿದ. ಕೊನೆಗೆ ಅವರು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು ಒಂದೊಂದೇ ಗುಂಡಿ ಒತ್ತಿ, ಎಳೆದು ಪರೀಕ್ಷೆ ಮಾಡತೊಡಗಿದರು. ದೀಪ ಹತ್ತಿತು. ವೈಪರ್ ಆಡಿತು. ಕಾಲಿನ ಹತ್ತಿರದ ಗಾಳಿಯ ಗುಂಡಿ ಎಳೆದರು. ಗಾಳಿಪೆಟ್ಟಿಗೆಯ ಒಳಬಾಯಿಯ ಮುಚ್ಚಳ ಸಲೀಸಾಗಿ ತೆರೆದುಕೊಂಡಿತು.

ಬಿಸಿಲಿಗೆ ಕರಗಿದ್ದ ಮೇಣದ ಒಂದು ತೊಟ್ಟು, ಜೇನಿನ ಬಣ್ಣದ್ದು, ನಿಧಾನವಾಗಿ ಇಳಿದು ಅವರ ಬಿಳಿ ಶೂವಿನ ಮೇಲೆ ಬಿತ್ತು.

ಅವರು ಅದನ್ನು ನೋಡಿದರು. ಬೆರಳಿನಿಂದ ಮುಟ್ಟಿ ಮೂಸಿದರು. "ಡಾಕ್ಟ್ರೇ, ಇದು ಫ್ಯಾಕ್ಟ್ರೀದಾ?"

ಮೇಡಂ ಕಾರಿನ ಆ ಪಕ್ಕ ನಿಂತಿದ್ದರು. ನಾನು ಹಿಂದಿನ ಚಕ್ರದ ಹತ್ತಿರ. ಡಾಕ್ಟರು ತಮ್ಮ ಊರುಗೋಲು ಊರಿಕೊಂಡು ಬಾಗಿಲಿನವರೆಗೆ ಬಂದು, ಬಗ್ಗಿ, ಆ ತೊಟ್ಟನ್ನು ನೋಡಿದರು.

"ಅಲ್ಲ" ಎಂದರು. "ಅದು ನಮ್ದು."

ತೀರ್ಪುಗಾರರು ಏನೋ ಬರೆದುಕೊಂಡರು. ನಾನು ಜೇಬಿನಿಂದ ಬಟ್ಟೆ ತೆಗೆದು ಅವರ ಶೂ ಒರೆಸಲು ಬಗ್ಗಿದೆ. ಉಜ್ಜಿದಷ್ಟೂ ಕಲೆ ಅಗಲವಾಯಿತು.